ಗಡಿಯ ಯಾವ ಕಡೆ ಗುದ್ದಿತು? ಪರಿಹಾರ ಪಡೆದ ನನ್ನ ಅನುಭವ

ಷಾರ್ಲಟ್‌ನಲ್ಲಿರುವ ನಮಗೆ ರಾಜ್ಯದ ಗಡಿ ಲೆಕ್ಕಕ್ಕೇ ಇಲ್ಲ. ಮನೆ ನಾರ್ತ್ ಕ್ಯಾರೊಲಿನಾದಲ್ಲಿ, ಕಾರಿಗೆ ಗ್ಯಾಸ್ ಹಾಕಿಸೋದು ಸೌತ್ ಕ್ಯಾರೊಲಿನಾದಲ್ಲಿ. ಅಪಘಾತದಲ್ಲಿ ಪೆಟ್ಟಾದರೆ ಮಾತ್ರ ಆ ಗಡಿಯೇ ನಮ್ಮ ದುಡ್ಡನ್ನು ತೀರ್ಮಾನಿಸುತ್ತದೆ.

ನನಗೆ ಆದದ್ದು ಫೋರ್ಟ್ ಮಿಲ್‌ನಲ್ಲಿ, ಅಂದರೆ ಸೌತ್ ಕ್ಯಾರೊಲಿನಾದೊಳಗೆ. ಸಿಗ್ನಲ್‌ನಲ್ಲಿ ಎಡಕ್ಕೆ ತಿರುಗುತ್ತಿದ್ದೆ. ಎದುರಿನಿಂದ ಜೋರಾಗಿ ಬಂದ ಪಿಕಪ್ ಗುದ್ದಿತು. ಮುಂಗೈ ಮೂಳೆ ಮುರಿಯಿತು. ಆ ಗಾಡಿಯ ಇನ್ಶೂರೆನ್ಸ್ ಅಡ್ಜಸ್ಟರ್ (ಪರಿಹಾರದ ಕ್ಲೇಮು ಪರಿಶೀಲಿಸುವ ಕಂಪನಿಯ ಅಧಿಕಾರಿ) ಫೋನಿನಲ್ಲಿ ಹೇಳಿದ್ದು ಇಷ್ಟು: "ಎಡಕ್ಕೆ ತಿರುಗೋರು ಕಾಯಬೇಕಿತ್ತು, ನಿಮ್ಮದೂ ತಪ್ಪಿದೆ. ನೀವು ನಾರ್ತ್ ಕ್ಯಾರೊಲಿನಾದವರು ಅಲ್ವಾ? ಅಲ್ಲಿ ಸ್ವಲ್ಪ ತಪ್ಪಿದ್ದರೂ ಏನೂ ಸಿಗೋದಿಲ್ಲ."

ನಾರ್ತ್ ಕ್ಯಾರೊಲಿನಾದ ಬಗ್ಗೆ ಅವರು ಹೇಳಿದ್ದು ನಿಜ. ಅಲ್ಲಿ ಗಾಯಗೊಂಡವರದು ಶೇ. 1ರಷ್ಟು ತಪ್ಪಿದ್ದರೂ ಸಾಮಾನ್ಯವಾಗಿ ಪರಿಹಾರ ಸೊನ್ನೆ. ಇದನ್ನು ಕಾಂಟ್ರಿಬ್ಯೂಟರಿ ನೆಗ್ಲಿಜೆನ್ಸ್ ಅಂತಾರೆ. ವರ್ಜೀನಿಯಾ, ಮೇರಿಲ್ಯಾಂಡ್, ಅಲಬಾಮಾಗಳಲ್ಲೂ ಇದೇ ನಿಯಮ. ನನ್ನ ಪ್ರಕಾರ ಇದು ಕ್ರೂರ ಕಾನೂನು. ಆದರೆ ಎರಡೂ ಕ್ಯಾರೊಲಿನಾಗಳಲ್ಲಿ ಅನ್ವಯಿಸುವುದು ಅಪಘಾತ ನಡೆದ ಜಾಗದ ಕಾನೂನು, ಗಾಯಗೊಂಡವರ ಮನೆ ವಿಳಾಸದ್ದಲ್ಲ. ಸೌತ್ ಕ್ಯಾರೊಲಿನಾದಲ್ಲಿ 1991ರಿಂದ ಬೇರೆ ಲೆಕ್ಕವಿದೆ. ನಮ್ಮ ತಪ್ಪು ಶೇ. 50 ದಾಟದಿದ್ದರೆ ಪರಿಹಾರ ಸಿಗುತ್ತದೆ, ನಮ್ಮ ಪಾಲಿನಷ್ಟು ಕಡಿತವಾಗಿ. ನಷ್ಟ 50,000 ಡಾಲರ್, ನಮ್ಮ ತಪ್ಪು ಶೇ. 20 ಅಂತಾದರೆ ಕೈಗೆ 40,000. ಅದೇ ಡಿಕ್ಕಿ ಇತ್ತ ನಾರ್ತ್ ಕ್ಯಾರೊಲಿನಾದ ಬ್ಯಾಲಂಟೈನ್‌ನಲ್ಲಿ ಆಗಿದ್ದರೆ ಬರಿಗೈ.

ಹಾಗಾಗಿ ಫೋನಿನಲ್ಲಿ ವಾದಕ್ಕಿಳಿಯದೆ ಇಮೇಲ್ ಕಳಿಸಿದೆ. "ಅಪಘಾತ ಫೋರ್ಟ್ ಮಿಲ್‌ನದು, ಸೌತ್ ಕ್ಯಾರೊಲಿನಾ ಕಾನೂನು ಅನ್ವಯ. ನನ್ನ ತಪ್ಪು ಶೇಕಡಾ ಎಷ್ಟು, ಯಾವ ಆಧಾರದ ಮೇಲೆ ಅಂತ ಬರೆದು ತಿಳಿಸಿ" ಅಂದೆ. ಮಾತಿನ ಧಾಟಿಯೇ ಬದಲಾಯಿತು. ನನ್ನ ಹೇಳಿಕೆಯನ್ನು ರೆಕಾರ್ಡ್ ಮಾಡಿಕೊಳ್ಳಬೇಕು ಅಂದರು, ನಾನು ಕೊಡಲಿಲ್ಲ. ಎದುರು ಪಾರ್ಟಿಯ ಕಂಪನಿಗೆ ಅದನ್ನು ಕೊಡಲೇಬೇಕೆಂದಿಲ್ಲ. ನಮ್ಮ ಸ್ವಂತ ಕಂಪನಿ ಕೇಳಿದರೆ ಬೇರೆ ವಿಷಯ, ಪಾಲಿಸಿಯಲ್ಲೇ ಸಹಕರಿಸಬೇಕು ಅಂತಿರುತ್ತದೆ.

ಶೇಕಡಾವಾರು ನಿಲ್ಲುವುದು ಸಾಕ್ಷಿಯ ಮೇಲೆ. ಮೂಲೆಯ ಗ್ಯಾಸ್ ಸ್ಟೇಶನ್‌ನ ಕ್ಯಾಮರಾ ಸಿಗ್ನಲ್ ಕಡೆಗೇ ಮುಖ ಮಾಡಿತ್ತು. ಇಂಥ ವಿಡಿಯೋ ಬೇಗ ಅಳಿಸಿಹೋಗುತ್ತದೆ ಅಂತ ಗೊತ್ತಿದ್ದರಿಂದ, ಕೈಗೆ ಪ್ಲಾಸ್ಟರ್ ಇದ್ದ ಹಾಗೇ ಹೋಗಿ ಮ್ಯಾನೇಜರ್‌ಗೆ ಉಳಿಸಿಡಿ ಅಂತ ಲಿಖಿತವಾಗಿ ಕೇಳಿಕೊಂಡೆ. ನನ್ನ ಕಾರು ತಿರುಗಲು ಶುರುಮಾಡಿದಾಗ ಪಿಕಪ್ ಇನ್ನೂ ಎಷ್ಟು ದೂರದಲ್ಲಿತ್ತು ಅನ್ನೋದು ಅದರಲ್ಲಿ ಚೆನ್ನಾಗಿ ಕಾಣುತ್ತಿತ್ತು. ಕೊನೆಗೆ ನನ್ನ ಪಾಲು ಶೇ. 20ಕ್ಕೆ ನಿಂತಿತು.

ಇನ್ನೊಂದು ಮಾತು, ಕೆಲಸದ ಕಂಪನಿಯ ಹೆಲ್ತ್ ಪ್ಲಾನ್ ಇರುವವರಿಗೆ ಮುಖ್ಯವಾಗಿ. ಸೆಟಲ್‌ಮೆಂಟ್ ದುಡ್ಡು ಪೂರ್ತಿ ನಮ್ಮದಲ್ಲ. ಆಸ್ಪತ್ರೆ ಬಿಲ್ ಕಟ್ಟಿದ ಹೆಲ್ತ್ ಪ್ಲಾನ್ (ಆರೋಗ್ಯ ವಿಮೆ) ತನ್ನ ದುಡ್ಡು ವಾಪಸ್ ಕೇಳಬಹುದು. ನಾವು ಕೆಲಸ ಮಾಡುವ ಕಂಪನಿ ತನ್ನದೇ ದುಡ್ಡಿನಲ್ಲಿ ನಡೆಸುವ ಪ್ಲಾನ್ ಆದರೆ ಎರಿಸಾ ಅನ್ನೋ ಫೆಡರಲ್ ಕಾನೂನು ಬರುತ್ತದೆ, ರಾಜ್ಯದ ಕಾನೂನು ಕೊಡುವ ರಕ್ಷಣೆ ಅಲ್ಲಿ ನಡೆಯೋದಿಲ್ಲ. ನನ್ನದು ಅಂಥದ್ದೇ. ಪ್ಲಾನ್‌ನವರ ಜೊತೆ ಚೌಕಾಸಿ ಮಾಡಿ, ಕಡಿಮೆ ಮಾಡಿಸಿ, ಆ ಮೊತ್ತವನ್ನು ಬರವಣಿಗೆಯಲ್ಲಿ ಪಡೆದ ಮೇಲೇ ರಿಲೀಸ್‌ಗೆ (ಇನ್ನು ಏನೂ ಕೇಳುವುದಿಲ್ಲ ಅನ್ನೋ ಒಪ್ಪಿಗೆ ಪತ್ರಕ್ಕೆ) ಸಹಿ ಹಾಕಿದೆ. ಸಹಿಯಾದ ಮೇಲೆ ಕೈ ಮತ್ತೆ ನೋವು ಕೊಟ್ಟರೂ ಆ ಕೇಸು ಸಾಮಾನ್ಯವಾಗಿ ತೆರೆಯೋದಿಲ್ಲ.

ದಾವೆ ಹೂಡುವ ಗಡುವೂ ಒಂದೊಂದು ರಾಜ್ಯದಲ್ಲಿ ಒಂದೊಂದು. ಎರಡೂ ಕ್ಯಾರೊಲಿನಾಗಳಲ್ಲಿ ಗಾಯದ ದಾವೆಗೆ ಸಾಮಾನ್ಯವಾಗಿ 3 ವರ್ಷ, ಜಾರ್ಜಿಯಾದಲ್ಲಿ 2, ಟೆನೆಸೀಯಲ್ಲಿ ಒಂದೇ ವರ್ಷ. ಫ್ಲಾರಿಡಾದಲ್ಲಿ 4 ಇದ್ದದ್ದನ್ನು 2023ರಲ್ಲಿ 2ಕ್ಕೆ ಇಳಿಸಿದರು. ಪೆಟ್ಟು ದೊಡ್ಡದಿದ್ದರೆ, ಅಥವಾ ನಾರ್ತ್ ಕ್ಯಾರೊಲಿನಾದಂಥ ಕಡೆ ನಿಮ್ಮದೂ ತಪ್ಪು ಅಂತ ಹೇಳಿದರೆ, ನನ್ನ ಹಾಗೆ ಒಬ್ಬರೇ ನಿಭಾಯಿಸಬೇಡಿ. ಆ ರಾಜ್ಯದಲ್ಲೇ ಲೈಸೆನ್ಸ್ ಇರುವ ವಕೀಲರನ್ನು ಹಿಡಿಯಿರಿ.