ಬಡ್ಡಿಯ ಮಾತಿಲ್ಲದೆ ವಿಮಾನ ಲೀಸ್‌ಗೆ ಪಡೆಯುವುದು ಹೇಗೆ?

ಆಗಸದಲ್ಲಿ ಹಾರುವ ವಿಮಾನದ ಬಾಲದ ಮೇಲೆ ಯಾವ ಕಂಪನಿಯ ಬಣ್ಣವಿದೆಯೋ ಅದೇ ಕಂಪನಿ ಮಾಲೀಕ ಅಂದುಕೊಳ್ಳಬೇಡಿ. ಬಹಳಷ್ಟು ವಿಮಾನಗಳು ಬಾಡಿಗೆಯವು. ಈ ಬಾಡಿಗೆ ವ್ಯವಹಾರವನ್ನು ಇಸ್ಲಾಮಿಕ್ ನಿಯಮದ ಪ್ರಕಾರ ನಡೆಸುವ ಕಂಪನಿಗಳೂ ಇವೆ. ಕುವೈತ್‌ನಲ್ಲಿ 2000ರಲ್ಲಿ ಅಲಾಫ್ಕೊ ಶುರುವಾದದ್ದು ಅಂಥದ್ದೊಂದಾಗಿಯೇ.

ಶರಿಯಾ ಪ್ರಕಾರ ಸಾಲ ಕೊಟ್ಟು ಬಡ್ಡಿ ಎಣಿಸುವಂತಿಲ್ಲ. ಆದರೆ ತನ್ನದೇ ಆಸ್ತಿಯನ್ನು ಬಾಡಿಗೆಗೆ ಬಿಟ್ಟು ಲಾಭ ಮಾಡಬಹುದು. ಇದೇ ಇಜಾರಾ. ಬಾಡಿಗೆ ತಿನ್ನುವವನು ಮಾಲೀಕತ್ವದ ಕಷ್ಟವನ್ನೂ ಹೊರಬೇಕು ಅನ್ನುವುದು ಇದರ ತಿರುಳು. ಮುಂದಿನ ಹಂತಗಳೆಲ್ಲ ಇದರ ಸುತ್ತವೇ ತಿರುಗುತ್ತವೆ.

ಮೊದಲು ಪಂಡಿತರ ಒಪ್ಪಿಗೆ

ಲೀಸ್ ಕಂಪನಿಗೆ ಇಸ್ಲಾಮಿಕ್ ಕಾನೂನು ಬಲ್ಲ ಪಂಡಿತರ ಒಂದು ಶರಿಯಾ ಮಂಡಳಿ ಇರುತ್ತದೆ. ಒಪ್ಪಂದದ ಕರಡನ್ನು ಅದು ಓದಿ ಒಪ್ಪಬೇಕು. ಇಸ್ಲಾಮಿಕ್ ಹಣಕಾಸಿಗೆ ನಿಯಮ ರೂಪಿಸುವ, ಬಹ್ರೇನ್‌ನಲ್ಲಿರುವ ಆಯೋಫಿ ಸಂಸ್ಥೆಯ ಮಾನದಂಡಗಳು ಇಲ್ಲಿ ಅಳತೆಗೋಲು. ಇಜಾರಾಕ್ಕೆ ಅದರ 9ನೇ ಶರಿಯಾ ಮಾನದಂಡ. ಇಲ್ಲಿ ಆತುರಪಟ್ಟರೆ ಆಮೇಲೆ ಇಡೀ ಕಾಗದಪತ್ರ ಮತ್ತೆ ಬರೆಯಬೇಕಾಗುತ್ತದೆ.

ಕೊಳ್ಳುವುದು, ಆಮೇಲೆ ಬಾಡಿಗೆಗೆ ಬಿಡುವುದು

ಸಾಮಾನ್ಯವಾಗಿ ಒಂದೇ ವಿಮಾನಕ್ಕೆಂದು ಪ್ರತ್ಯೇಕ ಕಂಪನಿ ತೆರೆಯುತ್ತಾರೆ. ಹೂಡಿಕೆದಾರರ ಹಣದಲ್ಲಿ ವಿಮಾನ ಕೊಳ್ಳುವುದು ಅದೇ. ಹಸ್ತಾಂತರದ ದಿನ ವಿಮಾನಯಾನ ಕಂಪನಿಯ ಎಂಜಿನಿಯರ್‌ಗಳು ಎಲ್ಲ ತಪಾಸಣೆ ಮಾಡಿ ಸ್ವೀಕೃತಿ ಪತ್ರಕ್ಕೆ ಸಹಿ ಹಾಕುತ್ತಾರೆ. ಕಾಕ್‌ಪಿಟ್‌ನಲ್ಲಿ, ಎಂಜಿನ್‌ಗಳ ಮೇಲೆ ಬೆಂಕಿಗೂ ಸುಡದ ಪುಟ್ಟ ಫಲಕ ಕೂರಿಸುತ್ತಾರೆ: ಇದರ ಮಾಲೀಕರು ಇಂಥವರು ಅಂತ. ಪ್ರಯಾಣಿಕರಿಗೆ ಅದು ಎಂದೂ ಕಾಣುವುದಿಲ್ಲ, ಆದರೆ ಮಾಲೀಕ ಯಾರೆಂದು ಹೇಳುವುದು ಅದೇ. ವಿಮಾನ ಇನ್ನೂ ತಯಾರಾಗುತ್ತಿದ್ದಾಗಲೇ ಮುಂಗಡ ಬಾಡಿಗೆ ಕೊಟ್ಟಿದ್ದರೆ, ವಿಮಾನ ಬರದೇ ಹೋದಲ್ಲಿ ಅದನ್ನು ವಾಪಸ್ ಕೊಡಬೇಕು.

ಬಾಡಿಗೆ ಎಷ್ಟು? ಬಹಳ ಸಲ ಲೆಕ್ಕ ಹಾಕುವುದು ಮಾರುಕಟ್ಟೆಯ ಬಡ್ಡಿದರ ನೋಡಿಕೊಂಡೇ. ಹಾಗಾದರೆ ವ್ಯತ್ಯಾಸ ಏನು ಅಂತ ಕೇಳುವವರು ಇದ್ದೇ ಇದ್ದಾರೆ. ಕೇಳುವುದರಲ್ಲಿ ತಪ್ಪೇನಿಲ್ಲ. ದರ ಬರೀ ಅಳತೆಗೆ ಅನ್ನುವುದು ಪಂಡಿತರ ಉತ್ತರ. ನನ್ನ ಪ್ರಕಾರ ಉತ್ತರ ಬಾಡಿಗೆಯ ಮೊತ್ತದಲ್ಲಿಲ್ಲ, ರಿಪೇರಿ ಮತ್ತು ಅಪಘಾತದ ಷರತ್ತುಗಳಲ್ಲಿದೆ.

ರಿಪೇರಿ, ವಿಮೆ ಯಾರ ತಲೆಗೆ?

ಮಾಮೂಲಿ ಲೀಸ್‌ನಲ್ಲಿ ಎಲ್ಲವೂ ವಿಮಾನಯಾನ ಕಂಪನಿಯದ್ದೇ ಹೊಣೆ. ಇಜಾರಾದಲ್ಲಿ ದಿನನಿತ್ಯದ ನಿರ್ವಹಣೆ ಮಾತ್ರ ಬಾಡಿಗೆದಾರನದು. ದೊಡ್ಡ ರಿಪೇರಿ, ವಿಮೆ, ಮಾಲೀಕತ್ವದ ತೆರಿಗೆ ಮಾಲೀಕನದು. ಆದರೆ ಹೂಡಿಕೆದಾರರಿಗೆ ಎಂಜಿನ್ ಬಿಚ್ಚಿ ಜೋಡಿಸುವುದು ಗೊತ್ತಿರುವುದಿಲ್ಲವಲ್ಲ! ಅದಕ್ಕೇ ಇನ್ನೊಂದು ಒಪ್ಪಂದ ಮಾಡಿ, ವಿಮಾನಯಾನ ಕಂಪನಿಯನ್ನೇ ಮಾಲೀಕನ ಏಜೆಂಟ್ ಆಗಿ ನೇಮಿಸುತ್ತಾರೆ. ಅದು ಖರ್ಚು ಮಾಡಿ ಮಾಲೀಕನಿಗೆ ಬಿಲ್ ಕೊಡುತ್ತದೆ. ಮಾಲೀಕ ಅಷ್ಟೇ ಮೊತ್ತವನ್ನು ಮುಂದಿನ ಬಾಡಿಗೆಗೆ ಸೇರಿಸುತ್ತಾನೆ. ಕೊನೆಗೆ ಎರಡನ್ನೂ ವಜಾ ಹಾಕಿಕೊಳ್ಳುತ್ತಾರೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ, ಅಲ್ವಾ? ಹೌದು, ಈ ವ್ಯವಸ್ಥೆಯ ಅತ್ಯಂತ ಜಾಣ ಭಾಗವೂ, ಜಾಸ್ತಿ ಟೀಕೆಗೆ ಸಿಗುವ ಭಾಗವೂ ಇದೇ.

ಅಪಘಾತದಲ್ಲಿ ವಿಮಾನ ಪೂರ್ತಿ ನಾಶವಾದರೆ ಮಾತ್ರ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ವಿಮಾನ ಇಲ್ಲ ಅಂದರೆ ಬಾಡಿಗೆಯೂ ಇಲ್ಲ. ಲೀಸ್ ಅಲ್ಲಿಗೇ ಮುಗಿಯಿತು. ವಿಮೆಯ ಹಣ ಮಾಲೀಕನಿಗೆ. ಏಜೆಂಟ್ ಸರಿಯಾಗಿ ವಿಮೆ ಮಾಡಿಸದೆ ಹಣ ಕಡಿಮೆ ಬಿದ್ದರೆ ಏಜೆಂಟೇ ತುಂಬಿಕೊಡಬೇಕು. ಸಹಿ ಹಾಕುವ ಮುನ್ನ ಈ ಷರತ್ತನ್ನು ಎರಡು ಸಲ ಓದಿ.

ಬಾಡಿಗೆ ತಡವಾದರೆ

ದಂಡ ಹಾಕಬಹುದು, ಆದರೆ ಅದು ಮಾಲೀಕನ ಜೇಬಿಗೆ ಹೋಗುವಂತಿಲ್ಲ. ದಾನಕ್ಕೆ ಹೋಗಬೇಕು.

ದೊಡ್ಡ ಮೊತ್ತ ಬೇಕಿದ್ದರೆ ಸುಕೂಕ್

ಮಾಲೀಕತ್ವವನ್ನು ಪಾಲು ಮಾಡಿ ಹೂಡಿಕೆದಾರರಿಗೆ ಪತ್ರಗಳ ರೂಪದಲ್ಲಿ ಮಾರುವುದು ಸುಕೂಕ್. 2015ರಲ್ಲಿ ದುಬೈನ ಎಮಿರೇಟ್ಸ್ ಹೀಗೆ 91.3 ಕೋಟಿ ಡಾಲರ್ ಎತ್ತಿತು, ನಾಲ್ಕು ಏರ್‌ಬಸ್ ಎ380 ವಿಮಾನಗಳಿಗಾಗಿ. ಅದಕ್ಕೆ ಜಾಮೀನು ನಿಂತದ್ದು ಬ್ರಿಟನ್ ಸರ್ಕಾರದ ರಫ್ತು ಸಾಲ ಸಂಸ್ಥೆ.

ಅವಧಿ ಮುಗಿದಾಗ

ವಿಮಾನ ಹಿಂದಿರುಗಿಸಬಹುದು, ಇಲ್ಲವೇ ಕೊಂಡುಕೊಳ್ಳಬಹುದು. ಕೊಳ್ಳುವ ಮಾತನ್ನು ಲೀಸ್ ಪತ್ರದೊಳಗೆ ಬೆರೆಸುವಂತಿಲ್ಲ. ಅದು ಒಂದು ಕಡೆಯವರು ಕೊಡುವ ಪ್ರತ್ಯೇಕ ವಾಗ್ದಾನ ಪತ್ರವಾಗಿರಬೇಕು, ಮಾರಾಟದ ಪತ್ರವನ್ನು ಕೊಳ್ಳುವ ದಿನವೇ ಬರೆಯಬೇಕು.