ಮದುವೆ ಕ್ಯಾಸೆಟ್‌ನ ಗೆರೆ ಕೊನೆಗೂ ಹೋಯ್ತು

ಮುಂಬೈ ಹತ್ರದ ಡೊಂಬಿವಲಿಯಲ್ಲಿ ಮನೆಯ ಹಳೇ ವಿಡಿಯೋ ಕ್ಯಾಸೆಟ್, ಫೋಟೋ ಸೇರಿಸಿ ಫಿಲ್ಮ್ ಮಾಡೋರಿಗೆ ಉಪಯೋಗ ಆಗ್ಬೋದು ಅಂತ ಬರೀತಿದೀನಿ. ಅಪ್ಪ ಅಮ್ಮನ ಮದುವೆಯ ವಿಎಚ್‌ಎಸ್ ಕ್ಯಾಸೆಟ್‌ನ ಅಂಗಡಿಯವ್ರು ಪೆನ್‌ಡ್ರೈವ್‌ಗೆ ಹಾಕ್ಕೊಟ್ರು, ನೋಡಿದ್ರೆ ಯಾರು ಅಲ್ಲಾಡಿದ್ರೂ ಅಂಚಿಗೆಲ್ಲ ಬಾಚಣಿಗೆ ಹಲ್ಲಿನ ಥರ ಗೆರೆ, ಸಾಲ್ದು ಅಂತ ಎಲ್ರೂ ಅಡ್ಡಡ್ಡ ದಪ್ಪ. ಅತ್ತೆ ನೋಡಿ "ನಾನ್ಯಾವಾಗ ಇಷ್ಟು ದಪ್ಪ ಇದ್ದೆ ಮಾರಾಯಾ" ಅಂದ್ರು.

ಗೆರೆಗೆ ಕಾರಣ ಇಂಟರ್‌ಲೇಸಿಂಗ್. ನಮ್ಮ ದೇಶದ ಹಳೇ ಟಿವಿ-ವಿಡಿಯೋ ಪದ್ಧತಿ ಪಾಲ್‌ನಲ್ಲಿ (PAL) ಸೆಕೆಂಡಿಗೆ 25 ಫ್ರೇಮ್, ಅಂದ್ರೆ 25 ಚಿತ್ರ, ಆದ್ರೆ ಒಂದೊಂದು ಫ್ರೇಮಲ್ಲೂ ಬೇರೆ ಬೇರೆ ಕ್ಷಣದಲ್ಲಿ ಹಿಡಿದ ಎರಡು ಫೀಲ್ಡ್ (ಅರ್ಧರ್ಧ ಚಿತ್ರ) ಇರತ್ತೆ, ಒಂದ್ರಲ್ಲಿ ಚಿತ್ರದ ಸಮ ಸಂಖ್ಯೆ ಸಾಲು ಇನ್ನೊಂದ್ರಲ್ಲಿ ಬೆಸ ಸಂಖ್ಯೆ ಸಾಲು, ಹಳೇ ಡಬ್ಬಾ ಟಿವಿ ಒಂದಾದ್ಮೇಲೊಂದು ತೋರಿಸ್ತಿತ್ತು, ಲ್ಯಾಪ್‌ಟಾಪ್ ಎರಡನ್ನೂ ಒಟ್ಟಿಗೇ ತೋರಿಸತ್ತೆ, ಅದಕ್ಕೇ ಅಲ್ಲಾಡಿದ ಕಡೆ ಗೆರೆ. ಹ್ಯಾಂಡ್‌ಬ್ರೇಕ್ ಅಂತ ಫ್ರೀ ಸಾಫ್ಟ್‌ವೇರ್ ಇದೆ, ಅದ್ರಲ್ಲಿ ಡಿಇಂಟರ್‌ಲೇಸ್‌ಗೆ (ಈ ಗೆರೆ ತೆಗೆಯೋ ಆಯ್ಕೆ) ಬಾಬ್, ಅಂದ್ರೆ ಒಂದೊಂದು ಫೀಲ್ಡನ್ನೂ ಪೂರ್ತಿ ಫ್ರೇಮ್ ಮಾಡೋ ವಿಧಾನ, ಆರಿಸಿ ಫ್ರೇಮ್ ರೇಟ್ 50 ಇಟ್ಟೆ, ಗೆರೆ ಮಾಯ, ಚಲನೆ ಕೂಡ ನುಣುಪಾಗಿ ಬಂತು. ಇದನ್ನ ಎಡಿಟಿಂಗ್‌ಗೆ ಮುಂಚೆನೇ ಮಾಡ್ಬೇಕು, ಸೈಜ್ ಬದಲಾಯಿಸಿದ್ಮೇಲೆ ಎರಡೂ ಫೀಲ್ಡಿನ ಸಾಲು ಬೆರೆತೋಗತ್ತೆ, ಆಮೇಲೆ ದೇವ್ರೇ ಗತಿ.

ದಪ್ಪದ್ದು ಸುಲಭ, ಹಳೇ ಟಿವಿ ಆಕಾರದ 4:3 ವಿಡಿಯೋನ ಈಗಿನ ಅಗಲ ಪರದೆಯ 16:9ಗೆ ಎಳೆದಿದ್ರು ಅಷ್ಟೆ, 768×576 ಪಿಕ್ಸೆಲ್ ಮಾಡಿ ವಾಪಸ್ 4:3ಗೆ ತಂದೆ. ಪಕ್ಕದಲ್ಲಿ ಕಪ್ಪು ಪಟ್ಟಿ ಇದ್ರೆ ಇರ್ಲಿ ಬಿಡಿ.

ಫಿಲ್ಮಿಗೆ ಹಾಕೋ ಹಳೇ ಫೋಟೋನ 600 ಡಿಪಿಐಗೆ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿ, ಝೂಮ್ ಮಾಡಿದ್ರೂ ಮುಖ ಒಡೆಯಲ್ಲ. ಮತ್ತೆ ಮುಂಬೈ ಮಳೆಗಾಲದ ತೇವಕ್ಕೆ ಟೇಪ್ ಮೇಲೆ ಬಿಳಿ ಬೂಷ್ಟು ಬಂದಿದ್ರೆ ವಿಸಿಆರ್‌ಗೆ (ಕ್ಯಾಸೆಟ್ ಪ್ಲೇಯರ್) ಹಾಕ್ಲೇಬೇಡಿ, ಅದ್ರೊಳಗೆ ಟೇಪ್ ಓದೋ ಹೆಡ್ಡಿಗೆ ಮೆತ್ಕೊಂಡು ಮುಂದಿನ ಕ್ಯಾಸೆಟ್‌ಗೂ ಹತ್ಕೊಳತ್ತೆ, ಮೊದ್ಲು ಕ್ಲೀನ್ ಮಾಡ್ಸಿ.