ಆಗರದ ಕೆಂಪು ನೀರು

ಗೋಕರ್ಣದ ಹತ್ತಿರದ ಸಾಣಿಕಟ್ಟಾ ನಮ್ಮೂರು. ಅಪ್ಪ ಉಪ್ಪಿನ ಆಗರದಲ್ಲಿ ಕೆಲಸಕ್ಕಿದ್ದರು. ಬಿಸಿಲೇರಿದ ಹಾಗೆ ಉಪ್ಪು ಕೂರುವ ಮಡಿಗಳ ನೀರು ತಿಳಿಗೆಂಪಾಗುತ್ತಿತ್ತು, ನೀರು ಜಾಸ್ತಿಯಾದ ಮುರುಗಲು ಪಾನಕದ ಹಾಗೆ. ಯಾಕೆ ಅಂತ ಕೇಳಿದರೆ ಅಪ್ಪ, "ಬಿಸಿಲಿಗೆ ಆಗ್ತದೆ ಮಗಾ" ಅನ್ನುತ್ತಿದ್ದರು. ಮನೆ ಅಂಗಳದ ಬಕೆಟ್ಟಿನ ನೀರು ಯಾಕೆ ಆಗಲ್ಲ ಅಂದರೆ ಬೈಗುಳ.

ಉತ್ತರ ಸಿಕ್ಕಿದ್ದು ಕಾರವಾರದ ಕೋಡಿಬಾಗದಲ್ಲಿ, ಮರೀನ್ ಬಯಾಲಜಿ ಎಂಎಸ್ಸಿ ಓದುವಾಗ. ಆ ಬಣ್ಣ ಹ್ಯಾಲೋಆರ್ಕಿಯಾ ಅನ್ನೋ ಸೂಕ್ಷ್ಮಜೀವಿಗಳದ್ದು. ಡುನಾಲಿಯೆಲ್ಲಾ ಅನ್ನೋ ಪಾಚಿಯ ಪಾಲೂ ಇರುತ್ತದೆ. ಹ್ಯಾಲೋಆರ್ಕಿಯಾ ನೋಡೋಕೆ ಬ್ಯಾಕ್ಟೀರಿಯಾದ ಹಾಗೇ, ಆದರೆ ಅಲ್ಲ. 1977ರಲ್ಲಿ ಕಾರ್ಲ್ ವೋಸ್ ಅನ್ನೋ ವಿಜ್ಞಾನಿ ಆರ್ಕಿಯಾಗಳನ್ನು ಬೇರೆ ಗುಂಪು ಅಂತ ತೋರಿಸಿದ ಮೇಲೆ ಇವಕ್ಕೂ ಜಾತಿ ಬದಲಾಯಿತು!

ಪ್ರಾಜೆಕ್ಟಿಗೆ ಅದನ್ನೇ ತೆಗೆದುಕೊಂಡೆ. ಮೊದಲ ಸಲ ಆಗರದ ನೀರನ್ನು ಮಾಮೂಲಿ ನ್ಯೂಟ್ರಿಯಂಟ್ ಅಗಾರ್‌ನಲ್ಲಿ, ಅಂದರೆ ಸೂಕ್ಷ್ಮಜೀವಿ ಬೆಳೆಸುವ ಜೆಲ್ಲಿಯಲ್ಲಿ ಹಾಕಿದೆ. ಏನೂ ಬರಲಿಲ್ಲ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಇವಕ್ಕೆ ಅದೂ ಸಪ್ಪೆ. ಕೊನೆಗೆ ಲೀಟರಿಗೆ 250 ಗ್ರಾಂ ಸುರಿದೆ. ಅಷ್ಟು ಉಪ್ಪಿನಲ್ಲಿ ಅಗಾರ್ ಕರಗಿಸೋದೇ ಒಂದು ಕೆಲಸ. ಎರಡೇ ದಿನ ಕಾದು ಪ್ಲೇಟು ಎಸೆಯಲು ಹೊರಟಿದ್ದೆ. ಲ್ಯಾಬಿನ ಅಕ್ಕ ತಡೆದು, ಒಣಗದ ಹಾಗೆ ಪ್ಲಾಸ್ಟಿಕ್ ಕವರಿಗೆ ಹಾಕಿಟ್ಟರು. ಹತ್ತನೇ ದಿನ ಸಾಸಿವೆಗಿಂತ ಚಿಕ್ಕ ಕೆಂಪು ಚುಕ್ಕೆಗಳು.

ಆಮೇಲೆ ಮಾಡಿದ ಪೆದ್ದುತನ ಇನ್ನೂ ನೆನಪಿದೆ. ಒಂದು ಚುಕ್ಕೆ ತೆಗೆದು, ಕಲಿಸಿದ್ದ ಹಾಗೇ ಸ್ಲೈಡಿನ ಮೇಲೆ ಡಿಸ್ಟಿಲ್ಡ್ ವಾಟರಿನಲ್ಲಿ ಕಲೆಸಿದೆ. ಕಣ್ಣೆದುರೇ ಲೋಳೆಯಾಯಿತು. ಮೈಕ್ರೋಸ್ಕೋಪಿನಲ್ಲಿ ಒಂದು ಜೀವಕೋಶವೂ ಇಲ್ಲ. ಸಪ್ಪೆ ನೀರು ಒಳನುಗ್ಗಿ ಎಲ್ಲವೂ ಒಡೆದುಹೋಗಿದ್ದವು. ನೀರು ಸೋಕಿದರೆ ಸಾಯುವ ಜೀವ, ನೀರಲ್ಲೇ ಹುಟ್ಟಿದ್ದು, ವಿಚಿತ್ರ ಅಲ್ವಾ? ಮುಂದಿನ ಸಲ ಉಪ್ಪುನೀರಲ್ಲೇ ಕಲೆಸಿ, ಒಡೆಯದ ಹಾಗೆ ಅಸಿಟಿಕ್ ಆಸಿಡ್‌ನಲ್ಲಿ ಫಿಕ್ಸ್ ಮಾಡಿ ಬಣ್ಣ ಹಾಕಿದೆ. ಕಂಡವು.

ಈಗ ಪಿಎಚ್‌ಡಿಯಲ್ಲೂ ಇವುಗಳದ್ದೇ ಸಹವಾಸ. ಹೋದ ರಜೆಯಲ್ಲಿ ಅಮ್ಮನ ಉಪ್ಪಿನ ಭರಣಿಯಿಂದ ನಾಲ್ಕು ಹರಳು ಸುಮ್ನೆ ತಂದು, ಇವನ್ನು ಬೆಳೆಸುವ ಉಪ್ಪುದ್ರವದಲ್ಲಿ ಹಾಕಿಟ್ಟೆ. ಹರಳಿನೊಳಗಿನ ಹನಿ ನೀರಲ್ಲೂ ಇವು ಬದುಕಿರುತ್ತವೆ. ಎರಡು ವಾರಕ್ಕೆ ಟ್ಯೂಬು ಗುಲಾಬಿಯಾಯಿತು. ಫೋಟೋ ಕಳಿಸಿದೆ.

ಅಪ್ಪನ ಫೋನು ಬಂತು: "ಹಾಗಾದ್ರೆ ಇಷ್ಟು ವರ್ಷ ಸಾರಿಗೆ ಹಾಕಿದ್ದು ಇದನ್ನೇನಾ?"